ನಿದ್ರೆ, ನಾದ ಮತ್ತು ಹಳೆಯ ಪಿಯಾನೊ

ಅರವತ್ತು ದಾಟಿದವರು ವೈದ್ಯರ ಮುಂದೆ ಕುಳಿತು ಹೇಳಿಕೊಳ್ಳುವ ದೂರುಗಳಲ್ಲಿ ಮಂಡಿನೋವಿನ ಅನಂತರದ ಸ್ಥಾನ ನಿದ್ರಾಹೀನತೆಗೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ಬರುವ ಹಿರಿಯರಲ್ಲಿ ಅನೇಕರು ರಾತ್ರಿ ಹತ್ತಕ್ಕೆ ಮಲಗಿ, ಒಂದು ಗಂಟೆಗೆ ಎಚ್ಚೆತ್ತು, ಬೆಳಗಿನ ಶಿವಪೂಜೆಯ ಹೊತ್ತಿನವರೆಗೆ ಸೂರು ನೋಡುತ್ತ ಕಳೆಯುವವರು. ಈಚಿನ ವರ್ಷಗಳಲ್ಲಿ ಇವರು ಕೇಳುವ ಪ್ರಶ್ನೆ ಬೇರೆ ಬಗೆಯದಾಗಿದೆ. “ಡಾಕ್ಟ್ರೇ, ಬೆಂಗಳೂರಿನಲ್ಲಿರುವ ಮೊಮ್ಮಗಳು ಮೊಬೈಲಿಗೆ ಪಿಯಾನೊ ಸಂಗೀತ ಹಾಕಿಕೊಟ್ಟಿದ್ದಾಳೆ. ಹಾಡಿಲ್ಲ, ಮಾತಿಲ್ಲ, ನಮ್ಮ ಸೋಬಾನೆ ಪದದ ಧಾಟಿ ಇದ್ದ ಹಾಗಿದೆ. ಕೇಳಿದರೆ ನಿದ್ದೆ ಬರುತ್ತದಂತೆ. ಕೇಳಬಹುದೇ? ಬಂದರೆ ಬಿ.ಪಿ. ಮಾತ್ರೆ, ನಿದ್ದೆ ಮಾತ್ರೆ ಬಿಟ್ಟುಬಿಡಬಹುದೇ?”

ಮೊದಲ ಪ್ರಶ್ನೆಗೆ ನನ್ನ ಉತ್ತರ, ಕೇಳಬಹುದು. ಎರಡನೆಯದಕ್ಕೆ, ಖಂಡಿತ ಬಿಡಬಾರದು. ಈ ಎರಡು ಉತ್ತರಗಳಿಗೂ ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನು ಚರಕಾಚಾರ್ಯರು ಶರೀರವನ್ನು ಹೊತ್ತು ನಿಲ್ಲಿಸಿರುವ ಉಪಸ್ತಂಭಗಳೆಂದು ಹೇಳಿದ್ದಾರೆ. ಸುಖ ದುಃಖ, ಪುಷ್ಟಿ ಕಾರ್ಶ್ಯ, ಬಲ ದೌರ್ಬಲ್ಯ ಎಲ್ಲವೂ ನಿದ್ರೆಯನ್ನು ಅವಲಂಬಿಸಿವೆ ಎಂಬುದು ಅವರ ಅಭಿಪ್ರಾಯ. ವಯಸ್ಸು ಏರಿದಂತೆ ವಾತದ ಪ್ರಾಬಲ್ಯ ಹೆಚ್ಚುತ್ತದೆ. ವಾತದ ಗುಣವೇ ಚಲನೆ. ಆದುದರಿಂದ ಮುಪ್ಪಿನ ನಿದ್ರೆ ತೆಳುವಾಗಿ, ತುಂಡುತುಂಡಾಗಿ ಬರುತ್ತದೆ. ನಿದ್ರೆ ಕೆಟ್ಟವರಿಗೆ ಏನು ಮಾಡಬೇಕೆಂದು ಚರಕ ಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಒಂದು ಪಟ್ಟಿ ಇದೆ. ಎಣ್ಣೆಯ ಅಭ್ಯಂಗ, ಸ್ನಾನ, ಹಾಲು, ತುಪ್ಪ, ಮೃದುವಾದ ಹಾಸಿಗೆ, ಮೈಯೊತ್ತುವಿಕೆ ಇವುಗಳ ನಡುವೆ ಮನಸ್ಸಿಗೆ ಒಗ್ಗುವ ಪರಿಮಳ ಮತ್ತು ಮನಸ್ಸಿಗೆ ಒಗ್ಗುವ ಶಬ್ದಗಳನ್ನೂ ಆಚಾರ್ಯರು ಸೇರಿಸಿದ್ದಾರೆ. ಅದೇ ಸ್ಥಾನದ 15ನೆಯ ಅಧ್ಯಾಯದಲ್ಲಿ ಆತುರಾಲಯವನ್ನು ಹೇಗೆ ಕಟ್ಟಬೇಕು, ಅಲ್ಲಿ ಯಾರು ಯಾರು ಇರಬೇಕು ಎಂದು ಹೇಳುವಾಗ ಅಡುಗೆಯವರು, ಸ್ನಾನ ಮಾಡಿಸುವವರು, ಔಷಧ ಅರೆಯುವವರ ಜೊತೆಗೆ ಹಾಡು ವಾದ್ಯ ಬಲ್ಲವರೂ ಕಥೆ ಹೇಳುವವರೂ ಇರಬೇಕೆಂದಿದ್ದಾರೆ. ಸಂಗೀತವನ್ನು ಅವರು ಔಷಧದ ಪಟ್ಟಿಗೆ ಹಾಕಲಿಲ್ಲ, ಪರಿಚಾರಕರ ಪಟ್ಟಿಗೆ ಹಾಕಿದರು. ಈ ಭೇದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮತ್ತೊಂದು ಸೂತ್ರವೂ ಇಲ್ಲಿ ಪ್ರಸ್ತುತ. ಇಂದ್ರಿಯಗಳಿಗೂ ಅವುಗಳ ವಿಷಯಗಳಿಗೂ ಆಗುವ ಸಂಪರ್ಕ ಹದ ತಪ್ಪಿದರೆ ರೋಗ. ಕಿವಿಯ ವಿಷಯದಲ್ಲಿ ಗುಡುಗು, ಭೇರಿ, ಕಿರುಚಾಟಗಳನ್ನು ಅತಿಯಾಗಿ ಕೇಳುವುದು ಅತಿಯೋಗ; ಏನನ್ನೂ ಕೇಳದೇ ಇರುವುದು ಅಯೋಗ; ಕಠೋರವಾದ, ಹೆದರಿಸುವ, ಅವಮಾನಿಸುವ ಮಾತುಗಳನ್ನು ಕೇಳುವುದು ಮಿಥ್ಯಾಯೋಗ. ನಮ್ಮ ನಾಲ್ಕು ತಾಲ್ಲೂಕುಗಳ ವೃದ್ಧರ ದಿನಚರಿಯನ್ನು ಗಮನಿಸಿರಿ. ಹಗಲೆಲ್ಲ ಹೆದ್ದಾರಿಯ ಸದ್ದು, ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ಯಂತ್ರದ ಸದ್ದು, ಮದುವೆ ಮೆರವಣಿಗೆಗಳಲ್ಲಿ ಎದೆಗೂಡು ನಡುಗಿಸುವ ಡಿ.ಜೆ. ಸದ್ದು. ಸಂಜೆ ಟಿ.ವಿ.ಯಲ್ಲಿ ಜಗಳದ ಧಾರಾವಾಹಿ, ಅದಾದ ಮೇಲೆ ಅಪಘಾತದ ವಾರ್ತೆ. ರಾತ್ರಿ ಮಕ್ಕಳೆಲ್ಲ ಊರಿನಿಂದ ದೂರ, ಮನೆಯಲ್ಲಿ ಮಾತನಾಡುವವರಿಲ್ಲ. ಮೂರೂ ದೋಷಯುಕ್ತ ಯೋಗಗಳು ಒಂದೇ ದಿನದಲ್ಲಿ ಒಂದೇ ಕಿವಿಗೆ ಬೀಳುತ್ತಿವೆ. ಆ ಕಿವಿಗೆ ಹದವಾದ ಶಬ್ದವೊಂದನ್ನು ಕೊಡಬೇಕೆಂಬ ಮೊಮ್ಮಗಳ ಆಲೋಚನೆ ಶಾಸ್ತ್ರಕ್ಕೆ ಹೊರತಾದುದಲ್ಲ.

ಇನ್ನು ಪಿಯಾನೊ. ಭಜನೆಯಲ್ಲಿ ಹಾರ್ಮೋನಿಯಂ ಕಂಡವರಿಗೆ ಅದರ ಕರಿಬಿಳಿ ಕೀಲಿಗಳು ಹೊಸವಲ್ಲ. ಹೋಲಿಕೆ ಮಾತ್ರ ಅಲ್ಲಿಗೇ ಮುಗಿಯುತ್ತದೆ. ಹಾರ್ಮೋನಿಯಂ ಗಾಳಿಯ ವಾದ್ಯ; ತಿದಿ ಒತ್ತುತ್ತಿರುವಷ್ಟು ಹೊತ್ತು ಸ್ವರ ಒಂದೇ ಸಮನೆ ನಿಲ್ಲುತ್ತದೆ. ಪಿಯಾನೊ ತಂತಿಯ ವಾದ್ಯ. ಕೀಲಿಯನ್ನು ಒತ್ತಿದಾಗ ಒಳಗಿರುವ ಉಣ್ಣೆಯ ಹೊದಿಕೆಯ ಸಣ್ಣ ಸುತ್ತಿಗೆ ಎದ್ದು ಉಕ್ಕಿನ ತಂತಿಗೆ ಬಡಿದು ತಟ್ಟನೆ ಹಿಂದೆ ಸರಿಯುತ್ತದೆ. ಆ ನಡುಕ ತೆಳುಹಲಗೆಯೊಂದಕ್ಕೆ ಇಳಿದು ನಾದವಾಗಿ ಹೊಮ್ಮುತ್ತದೆ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಎಂಬ ಕುಶಲಕರ್ಮಿ 1700ರ ಸುಮಾರಿಗೆ ಇದನ್ನು ಮೊದಲು ಮಾಡಿದನು. ಇಂದಿನ ಪಿಯಾನೊದಲ್ಲಿ 88 ಕೀಲಿಗಳು, ಸುಮಾರು 230 ತಂತಿಗಳು. ಎಲ್ಲ ತಂತಿಗಳ ಎಳೆತ ಕೂಡಿ ಹತ್ತಾರು ಟನ್ನುಗಳಷ್ಟಾಗುವುದರಿಂದ ಒಳಗೆ ಎರಕದ ಕಬ್ಬಿಣದ ಚೌಕಟ್ಟು ಬೇಕಾಗುತ್ತದೆ.

ಉಕ್ಕಿನ ತಂತಿ ಎಂದೊಡನೆ ಚನ್ನಪಟ್ಟಣದ ನೆನಪಾಗದೆ ಇರದು. ಇಂದು ಅದನ್ನು ಬೊಂಬೆಗಳ ಊರೆಂದು ಎಲ್ಲರೂ ಬಲ್ಲರು. ಆದರೆ ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಅಲ್ಲಿ ತಯಾರಾಗುತ್ತಿದ್ದ, ವಾದ್ಯಗಳಿಗೆ ಬಳಸುವ ಉಕ್ಕಿನ ತಂತಿಯನ್ನು ವಿಶೇಷವಾಗಿ ಹೆಸರಿಸಿದ್ದಾನೆ. ಅದು ದೇಶದ ದೂರದೂರದ ಭಾಗಗಳಿಗೆ ಹೋಗುತ್ತಿತ್ತು. ಮುಂದೆ ಬಂದ ಮೈಸೂರು ಗ್ಯಾಸೆಟಿಯರುಗಳಲ್ಲಿಯೂ ಚನ್ನಪಟ್ಟಣದ ಅರಗಿನ ಬೊಂಬೆ, ಗಾಜಿನ ಬಳೆಗಳ ಜೊತೆಗೆ ಈ ತಂತಿಯ ಉಲ್ಲೇಖವಿದೆ. ಅಂದರೆ ಉಕ್ಕಿನ ತಂತಿಯಿಂದ ಹದವಾದ ನಾದ ಹೊರಡಿಸುವ ವಿದ್ಯೆ ಈ ನೆಲಕ್ಕೆ ಪರಕೀಯವಲ್ಲ. ದೇಹವನ್ನೇ ವಾದ್ಯವಾಗಿ, ನರಗಳನ್ನೇ ತಂತಿಯಾಗಿ ಕಂಡ ಬಸವಣ್ಣನವರ ವಚನವನ್ನು ಬಾಯಿಪಾಠ ಮಾಡಿದ ಭಕ್ತರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ನಿದ್ರೆಯ ವಿಚಾರಕ್ಕೆ ಮುಖ್ಯವಾದುದು ಪಿಯಾನೊ ಸ್ವರದ ಒಂದು ಗುಣ. ಅದು ಹುಟ್ಟಿದ ಕ್ಷಣದಿಂದಲೇ ಅಡಗತೊಡಗುತ್ತದೆ. ನುಡಿಸುವವರು ಎಷ್ಟೇ ಬಯಸಿದರೂ ಅದನ್ನು ಹಿಗ್ಗಿಸಿ ನಿಲ್ಲಿಸಲಾಗದು. ಗುಡಿಯಲ್ಲಿ ಕಂಚಿನ ಗಂಟೆಯನ್ನು ಒಮ್ಮೆ ಬಾರಿಸಿ ಸುಮ್ಮನೆ ನಿಂತವರಿಗೆ ಈ ಅನುಭವ ಉಂಟು. ಸದ್ದು ಎಲ್ಲಿ ಮುಗಿಯಿತು, ಮೌನ ಎಲ್ಲಿ ತೊಡಗಿತು ಎಂದು ಹುಡುಕುತ್ತ ಕಿವಿ ತಾನಾಗಿಯೇ ಸೂಕ್ಷ್ಮವಾಗುತ್ತದೆ, ಉಸಿರು ನಿಧಾನಿಸುತ್ತದೆ. ಧ್ಯಾನಪರವಾದ ಪಿಯಾನೊ ಸಂಗೀತವೆಂದು ಕರೆಯುವ ಬಗೆಯಲ್ಲಿ ಒಂದು ಸ್ವರಕ್ಕೂ ಮತ್ತೊಂದಕ್ಕೂ ನಡುವೆ ಬೇಕೆಂದೇ ಬಹಳ ಎಡೆ ಬಿಡುತ್ತಾರೆ. ಬಲಗಾಲಿನ ಒತ್ತುಗೆಯಿಂದ ತಂತಿಗಳ ಮೇಲಿನ ತಡೆಯನ್ನು ಎತ್ತಿ ಹಿಡಿದರೆ ನುಡಿಸದ ತಂತಿಗಳೂ ಮೆಲ್ಲಗೆ ಮಿಡಿಯುತ್ತವೆ. ಹಳೆಯ ಮನೆಬಳಕೆಯ ಪಿಯಾನೊಗಳು ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತವೆ. ದೊಡ್ಡ ಸಭಾಂಗಣವನ್ನು ತುಂಬುವ ಗಡಸು ಅವುಗಳಿಗಿಲ್ಲ. ಮರದ ಕಿರುಗುಟ್ಟುವಿಕೆ, ಕೀಲಿ ಕೆಳಗಿಳಿಯುವ ಸಣ್ಣ ಸಪ್ಪಳ ಇವೂ ಕೇಳಿಸುತ್ತವೆ, ಪಕ್ಕದ ಕೋಣೆಯಲ್ಲಿ ಯಾರೋ ಇದ್ದಾರೆಂಬ ಭಾವ ಬರುತ್ತದೆ. ಒಬ್ಬರೇ ಇರುವ ವೃದ್ಧರಿಗೆ ಇದು ಸಣ್ಣ ಸಂಗತಿಯಲ್ಲ. ಜರ್ಮನಿಯ ನಿಲ್ಸ್ ಫ್ರಾಮ್ ಎಂಬ ವಾದಕ, ರಾತ್ರಿ ನೆರೆಯವರ ನಿದ್ದೆ ಕೆಡಬಾರದೆಂದು ಸುತ್ತಿಗೆಗೂ ತಂತಿಗೂ ನಡುವೆ ದಪ್ಪ ಉಣ್ಣೆಬಟ್ಟೆ ಹಾಕಿ ನುಡಿಸತೊಡಗಿದನು. ಆ ಮೆತ್ತಗಿನ ದನಿಯೇ 2011ರಲ್ಲಿ ಅವನ ಒಂದು ಧ್ವನಿಮುದ್ರಿಕೆಯಾಯಿತು. ಅಂದಿನಿಂದ ಆ ಬಗೆಯ ವಾದನ ಪ್ರಪಂಚದಲ್ಲೆಲ್ಲ ಹರಡಿದೆ. ನೆರೆಯವರ ನಿದ್ರೆಗಾಗಿ ದನಿ ತಗ್ಗಿಸಿದ ಈ ಸಂಗತಿಯನ್ನು ನಮ್ಮ ಡಿ.ಜೆ. ಗಾಡಿಗಳ ಯಜಮಾನರಿಗೆ ಯಾರಾದರೂ ಓದಿ ಹೇಳಬೇಕು.

ಪಿಯಾನೊ ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲ. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವೇ ಇತ್ತು. ವೀಣೆಯ ಶೇಷಣ್ಣನವರು ವೀಣೆಯಲ್ಲದೆ ಪಿಯಾನೊವನ್ನೂ ಬಲ್ಲವರಾಗಿದ್ದರು. ಜಯಚಾಮರಾಜ ಒಡೆಯರು ಪಿಯಾನೊವಾದನದಲ್ಲಿ ಗಂಭೀರವಾಗಿ ಪಳಗಿದವರು. ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟು ಉಳಿಸಿದವರು ಅವರೇ. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ಅದೇ ಮಹಾರಾಜರು ‘ಶ್ರೀವಿದ್ಯಾ’ ಮುದ್ರಿಕೆಯಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದರು. ಗಮನಿಸಬೇಕಾದುದೇನೆಂದರೆ, ಆ ಕೃತಿಗಳು ವೀಣೆಗೆ, ಕಂಠಕ್ಕೆ ಸೇರಿದವೇ ಹೊರತು ಪಿಯಾನೊಗಲ್ಲ.

ಏಕೆ ಪಿಯಾನೊಗಲ್ಲ? ಕರ್ನಾಟಕ ಸಂಗೀತದ ಜೀವ ಗಮಕ. ಸ್ವರದಿಂದ ಸ್ವರಕ್ಕೆ ಜಾರುವುದು, ಒಂದೇ ಸ್ವರವನ್ನು ಓಲಾಡಿಸುವುದು ಕಂಠಕ್ಕೆ, ವೀಣೆಗೆ, ಪಿಟೀಲಿಗೆ ಸಾಧ್ಯ. ಪಿಯಾನೊ, ಹಾರ್ಮೋನಿಯಂಗಳಲ್ಲಿ ಪ್ರತಿ ಸ್ವರಕ್ಕೂ ಬೇರೆ ಮನೆ; ನಡುವೆ ಗೋಡೆ. ಈ ಕಾರಣಕ್ಕಾಗಿಯೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟು, ಮೂರು ದಶಕಗಳ ಮೇಲೆ 1971ರಲ್ಲಿ ಒಳಗೆ ಬಿಟ್ಟುಕೊಂಡಿತು. ಅಷ್ಟರಲ್ಲಿ ಅದು ಜನರ ನಡುವೆ ಭದ್ರವಾಗಿ ಕುಳಿತುಬಿಟ್ಟಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧರಿಗೆ, ಅನಾಥರಿಗೆ ಕೊಟ್ಟ ಸಂಗೀತ ವಿದ್ಯೆಯಲ್ಲಿ, ಅಲ್ಲಿಂದ ನಾಡೆಲ್ಲ ಹರಡಿದ ವಚನಗಾಯನದಲ್ಲಿ ಹಾರ್ಮೋನಿಯಂನ ಪಾಲೆಷ್ಟೆಂಬುದು ಎಲ್ಲರಿಗೂ ತಿಳಿದ ಮಾತು.

ಜನಪದದ ಧಾಟಿಗಳ ವಿಷಯ ಬೇರೆ. ಬೀಸುವ ಪದ, ಜೋಗುಳ, ಸೋಬಾನೆ ಇವು ಹೆಚ್ಚಾಗಿ ನಾಲ್ಕೈದು ಸ್ವರಗಳ ಒಳಗೇ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಇಳಿಯುತ್ತವೆ. ಅಕ್ಷರಕ್ಕೊಂದು ಸ್ವರ, ಒಂದು ಸಾಲು ಮುಗಿದೊಡನೆ ಅದೇ ಧಾಟಿ ಮತ್ತೆ. ಇವಕ್ಕೆ ದೀರ್ಘ ಗಮಕ ಬೇಕಿಲ್ಲ. ಆದುದರಿಂದ ಪಿಯಾನೊದ ಮನೆಗಳಲ್ಲಿ ಅವು ಮುಕ್ಕಾಗದೆ ಕೂರುತ್ತವೆ. ಪದ ಕಟ್ಟಿದವರು ಕೆಲಸದ ಲಯಕ್ಕೆ ಕಟ್ಟಿದ್ದಾರೆ. ಬೀಸುಕಲ್ಲಿನ ಗೂಟ ಒಂದು ಸುತ್ತು ಬರುವ ಹೊತ್ತು, ತೊಟ್ಟಿಲು ಒಮ್ಮೆ ಹೋಗಿ ಬರುವ ಹೊತ್ತು ಇವು ದಣಿಯದ ಮನುಷ್ಯನ ಉಸಿರಿಗೆ ಹೊಂದಿಕೊಂಡ ಅಳತೆಗಳು. ನಮ್ಮ ಹಿರಿಯರು ಈ ಧಾಟಿಗಳನ್ನು ತಾಯಿಯ ಮಡಿಲಿನಲ್ಲಿ ಕೇಳಿದವರು. ಆಯುರ್ವೇದ ಇದನ್ನು ಸಾತ್ಮ್ಯ ಎನ್ನುತ್ತದೆ, ಅಂದರೆ ಬಹುಕಾಲದ ಬಳಕೆಯಿಂದ ಮೈಗೆ ಒಗ್ಗಿದ್ದು. ಒಗ್ಗದ ಉತ್ತಮ ಆಹಾರಕ್ಕಿಂತ ಒಗ್ಗಿದ ಸಾಮಾನ್ಯ ಆಹಾರ ವೃದ್ಧರಿಗೆ ಹಿತವೆಂದು ನಾವು ರೋಗಿಗಳಿಗೆ ಹೇಳುವುದಿಲ್ಲವೇ? ಶಬ್ದಕ್ಕೂ ಅದೇ ನ್ಯಾಯ.

ಹಂಗೇರಿ ದೇಶದ ಬೇಲಾ ಬಾರ್ಟೋಕ್ ಎಂಬ ಸಂಗೀತಕಾರ ಕಳೆದ ಶತಮಾನದ ಆರಂಭದಲ್ಲಿ ಧ್ವನಿಮುದ್ರಣ ಯಂತ್ರವನ್ನು ಹೊತ್ತು ಹಳ್ಳಿಹಳ್ಳಿ ತಿರುಗಿ ರೈತರ ಹಾಡುಗಳನ್ನು ಕೂಡಿಸಿದನು. 1908–09ರಲ್ಲಿ ಅವುಗಳ ಧಾಟಿಗಳನ್ನೇ ಮಕ್ಕಳಿಗಾಗಿ ಚಿಕ್ಕಚಿಕ್ಕ ಪಿಯಾನೊ ರಚನೆಗಳಾಗಿ ಮಾಡಿದನು. ಸಂಗ್ರಹದ ಅಂಥ ಕೆಲಸವನ್ನು ನಮ್ಮಲ್ಲಿ ಮಾಡಿದವರು ಎಚ್.ಎಲ್. ನಾಗೇಗೌಡರು. ರಾಮನಗರದ ಬಳಿ ಬೆಂಗಳೂರು–ಮೈಸೂರು ರಸ್ತೆಯ ಬದಿಯಲ್ಲಿ ಅವರು ಕಟ್ಟಿದ ಜಾನಪದ ಲೋಕ 1994ರಲ್ಲಿ ಆರಂಭವಾಯಿತು. ಬೀಸುಕಲ್ಲು, ತಂಬೂರಿ, ಕಂಸಾಳೆ, ತಮಟೆ, ಚೌಡಿಕೆ ಮೊದಲಾದವುಗಳನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವ ಹಿರಿಯರು ವಾದ್ಯಗಳ ಮುಂದೆ ನಿಂತು ತಮಗೆ ನೆನಪಿರುವ ಪದವನ್ನು ಒಂದೆರಡು ನುಡಿಯಾದರೂ ಹೇಳಿಕೊಡಲಿ. ಪಿಯಾನೊದಲ್ಲಿ ನುಡಿಸಿದ ಧಾಟಿಯನ್ನು ಗುರುತಿಸಬೇಕಾದರೆ ಮೊದಲು ಆ ಪದ ಕಿವಿಯಲ್ಲಿರಬೇಕಷ್ಟೆ.

ಎಲ್ಲ ಜನಪದ ಸಂಗೀತವೂ ನಿದ್ರೆಗೆ ಹಿತವೆಂದು ಭಾವಿಸಬಾರದು. ಶಿವರಾತ್ರಿಗೆ ಕನಕಪುರದ ಮೇಲೆ ಹಾದು ಕಾವೇರಿಯನ್ನು ದಾಟಿ ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದುಹೋಗುವ ಪರಿಷೆಯನ್ನು ಕಂಡವರಿಗೆ ಕಂಸಾಳೆಯ ಬಿರುಸು ಗೊತ್ತು. ಅದು ದಣಿದ ಕಾಲುಗಳನ್ನು ಎಬ್ಬಿಸಿ ನಡೆಸುವ ಸಂಗೀತ. ಪೂಜಾ ಕುಣಿತದ ತಮಟೆಯೂ ವೀರಗಾಸೆಯ ಕರಡೆಯೂ ಅಂಥವೇ. ನಾಡಿಯ ಬಡಿತ ಏರಿಸುವುದೇ ಅವುಗಳ ಕಾಯಕ. ಹಗಲಿನಲ್ಲಿ, ಜಾತ್ರೆಯಲ್ಲಿ ಅವು ಆರೋಗ್ಯಕರವೇ. ಮಲಗುವ ಹೊತ್ತಿಗೆ ಅವುಗಳ ಧಾಟಿಯನ್ನು ಪಿಯಾನೊದಲ್ಲಿ ಕೇಳಿದರೂ ಮನಸ್ಸು ಕುಣಿತದ ಕಡೆಗೇ ಓಡುತ್ತದೆ.

ಪಿಯಾನೊ ಭೋಗದ ವಾದ್ಯವಲ್ಲವೇ, ವಿರಕ್ತರಿಗೆ, ಪೂಜಾನಿಷ್ಠರಿಗೆ ತಕ್ಕದ್ದೇ ಎಂದು ಕೆಲವರು ಕೇಳುವುದುಂಟು. ಇದಕ್ಕೆ ಇಥಿಯೋಪಿಯ ದೇಶದ ಸಂನ್ಯಾಸಿನಿಯೊಬ್ಬರ ಬದುಕು ಉತ್ತರವಾಗಬಹುದು. ಎಮಾಹೊಯ್ ತ್ಸೆಗೆ ಮರ್ಯಾಮ್ ಗೆಬ್ರು ಅವರು ಹುಟ್ಟಿದ್ದು 1923ರಲ್ಲಿ, ಅಡಿಸ್ ಅಬಾಬದ ಸಿರಿವಂತ ಮನೆಯಲ್ಲಿ. ಬಾಲ್ಯದಲ್ಲಿಯೇ ಸ್ವಿಟ್ಜರ್ಲೆಂಡಿಗೆ ಹೋಗಿ ಪಿಟೀಲು, ಪಿಯಾನೊ ಕಲಿತರು. ಇಟಲಿಯ ಆಕ್ರಮಣದ ಕಾಲದಲ್ಲಿ ಕುಟುಂಬ ಸೆರೆಯಾಯಿತು. ವಿದೇಶದಲ್ಲಿ ಉನ್ನತ ಸಂಗೀತ ಶಿಕ್ಷಣ ಪಡೆಯುವ ಅವಕಾಶ ಕೈತಪ್ಪಿದ ಮೇಲೆ ಬೆಟ್ಟದ ಮೇಲಿನ ಮಠವೊಂದಕ್ಕೆ ಸೇರಿ, 21ನೆಯ ವಯಸ್ಸಿಗೆ ದೀಕ್ಷೆ ಪಡೆದು, ಸುಮಾರು ಹತ್ತು ವರ್ಷ ಬರಿಗಾಲಿನಲ್ಲಿ ಅಲ್ಲಿಯೇ ಕಳೆದರು. ಅನಂತರ ಮತ್ತೆ ಪಿಯಾನೊ ಮುಟ್ಟಿದಾಗ ತಮ್ಮ ದೇಶದ ಪ್ರಾರ್ಥನಾ ಗೀತೆಗಳ ಧಾಟಿ, ಜನರ ಹಾಡುಗಳ ಐದು ಸ್ವರದ ನಡೆ ಇವನ್ನೇ ನುಡಿಸಿದರು. 1967ರಲ್ಲಿ ಜರ್ಮನಿಯಲ್ಲಿ ಮುದ್ರಣವಾದ ಅವರ ವಾದನದ ಹಣ ಅನಾಥರಿಗೆ ಹೋಯಿತು. 1984ರಿಂದ ಜೆರುಸಲೇಮಿನ ಇಥಿಯೋಪಿಯನ್ ಮಠದ ಒಂದು ಸಣ್ಣ ಕೋಣೆಯಲ್ಲಿ ಪಿಯಾನೊದೊಡನೆ ಇದ್ದು, 2023ರ ಮಾರ್ಚಿನಲ್ಲಿ, 99ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ವಾದನ ಮೊಬೈಲಿನಲ್ಲಿ ಸುಲಭವಾಗಿ ಸಿಗುತ್ತದೆ. ಮೋಹನ ರಾಗವನ್ನು ಬಲ್ಲ ಕಿವಿಗೆ ಅದರ ಐದು ಸ್ವರಗಳ ನಡೆ ತೀರ ಅಪರಿಚಿತವೆನಿಸದು. ದಾಸೋಹವೂ ಏಕಾಂತವೂ ಒಂದೇ ಬದುಕಿನಲ್ಲಿ ಕೂಡಿಬಂದುದನ್ನು ಶರಣ ಪರಂಪರೆಯ ನಮಗೆ ವಿವರಿಸಬೇಕಾಗಿಲ್ಲ.

ಹಾಗಾದರೆ ವಚನಗಾಯನವನ್ನೇ ಕೇಳುತ್ತ ಮಲಗಬಾರದೇಕೆ ಎಂಬ ಪ್ರಶ್ನೆ ಸಹಜ. ನನ್ನ ಅಭಿಪ್ರಾಯ ಸ್ವಲ್ಪ ಕಟ್ಟುನಿಟ್ಟಿನದು. ವಚನ ಎಚ್ಚರಿಸುವ ಮಾತು. ಎದ್ದು ಕುಳಿತು ಕೇಳಬೇಕಾದುದು. ಅದನ್ನು ನಿದ್ದೆಗುಳಿಗೆಯಂತೆ ಬಳಸುವುದು ನನಗೆ ಸರಿಕಾಣದು. ವೈದ್ಯಕೀಯ ಕಾರಣವೂ ಉಂಟು. ಮಾತಿರುವ ಹಾಡು ಮನಸ್ಸನ್ನು ಅರ್ಥದ ಹಿಂದೆ ಓಡಿಸುತ್ತದೆ, ಹಳೆಯ ಸಿನಿಮಾ ಹಾಡಾದರೆ ನೆನಪುಗಳ ಹಿಂದೆ. ಮಾತಿಲ್ಲದ ವಾದನದಲ್ಲಿ ಮನಸ್ಸಿಗೆ ಕೆಲಸ ಕಡಿಮೆ.

ಆಧುನಿಕ ಸಂಶೋಧನೆ ಏನು ಹೇಳುತ್ತದೆ? ಇಟಲಿಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಮಂದಿಗೆ ನಮ್ಮ ರಾಗಸಂಗೀತವೂ ಸೇರಿ ಆರು ಬಗೆಯ ಸಂಗೀತ ಕೇಳಿಸಿ ಉಸಿರು, ಹೃದಯದ ಬಡಿತ, ರಕ್ತದೊತ್ತಡಗಳನ್ನು ಅಳೆದರು. ವೇಗದ ಸಂಗೀತ ಇವನ್ನು ಏರಿಸಿತು. ಸಂಗೀತ ಯಾವ ಬಗೆಯದು ಎಂಬುದಕ್ಕಿಂತ ಅದರ ವೇಗವೆಷ್ಟು ಎಂಬುದೇ ಮುಖ್ಯವಾಯಿತು. ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿ, ನಡುವೆ ಎರಡು ನಿಮಿಷ ಸಂಗೀತವನ್ನು ನಿಲ್ಲಿಸಿದಾಗ, ಆ ಮೌನದಲ್ಲಿಯೇ ದೇಹ ಹೆಚ್ಚು ವಿಶ್ರಾಂತಿ ಪಡೆದುದು ಕಂಡುಬಂದಿತು. ಎಡೆ ಬಿಟ್ಟು ನುಡಿಸುವ ಪಿಯಾನೊಗೂ ಇದಕ್ಕೂ ಇರುವ ಸಂಬಂಧವನ್ನು ಓದುಗರು ಊಹಿಸಬಲ್ಲರು. ನಿದ್ರಾಹೀನತೆಯ ಬಗೆಗೆ ನಡೆದ ಪ್ರಯೋಗಗಳನ್ನೆಲ್ಲ ಕೂಡಿಸಿ ತೂಗಿದ ಕಾಕ್ರೇನ್ ಸಂಸ್ಥೆಯ 2022ರ ವಿಮರ್ಶೆ, ಮಲಗುವ ಮುನ್ನ ಸಂಗೀತ ಕೇಳಿದ ವಯಸ್ಕರಿಗೆ ತಮ್ಮ ನಿದ್ರೆಯ ಗುಣಮಟ್ಟ ಸುಧಾರಿಸಿದಂತೆ ಅನಿಸಿತೆಂದು ಹೇಳುತ್ತದೆ. ಸಾಮಾನ್ಯವಾಗಿ ದಿನಕ್ಕೆ 25ರಿಂದ 60 ನಿಮಿಷ ಕೇಳಿಸಿದ ಪ್ರಯೋಗಗಳು ಇವು. ಇದು ಒಳ್ಳೆಯ ಸುದ್ದಿಯೇ. ಆದರೆ ಅದರಲ್ಲಿ ಸಂಗೀತದಿಂದ ರಕ್ತದೊತ್ತಡದ ರೋಗ ವಾಸಿಯಾಯಿತು, ಮಧುಮೇಹ ಹೋಯಿತು ಎಂಬ ಮಾತಿಲ್ಲ.

ಇಲ್ಲಿಯೇ ನನ್ನ ಆತಂಕವಿರುವುದು. ಈ ರಾಗ ಕೇಳಿದರೆ ಬಿ.ಪಿ. ಇಳಿಯುತ್ತದೆ, ಆ ರಾಗಕ್ಕೆ ಸಕ್ಕರೆ ಕಾಯಿಲೆ ಗುಣವಾಗುತ್ತದೆ, ಇದನ್ನು ನಮ್ಮ ಋಷಿಗಳೇ ಹೇಳಿದ್ದಾರೆ ಎಂಬ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತಿವೆ. ಚರಕ, ಸುಶ್ರುತ, ವಾಗ್ಭಟರ ಬೃಹತ್ತ್ರಯಿಯಲ್ಲಿ ಎಲ್ಲಿಯೂ ರೋಗಕ್ಕೊಂದು ರಾಗದ ಪಟ್ಟಿ ಇಲ್ಲ. ರಾಗವನ್ನು ವಿವರವಾಗಿ ನಿರೂಪಿಸಿದ ಮತಂಗನ ‘ಬೃಹದ್ದೇಶಿ’ಯೇ ಚರಕ ಸಂಹಿತೆಗಿಂತ ಶತಮಾನಗಳಷ್ಟು ಈಚಿನದು. ಮಾಗಡಿ ಕಡೆಯ ಹಿರಿಯರೊಬ್ಬರು ಇಂಥ ವಿಡಿಯೊ ನಂಬಿ ಬಿ.ಪಿ. ಮಾತ್ರೆ ನಿಲ್ಲಿಸಿದರು. ಸಂಗೀತ ಕೇಳಿದ ಮೇಲೆ ಮನಸ್ಸಿಗೆ ಹಗುರವೆನಿಸುತ್ತಿತ್ತು. ಅದನ್ನೇ ಒತ್ತಡ ಇಳಿದುದರ ಗುರುತೆಂದು ತಿಳಿದರು. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಬಲಗೈ ಸೋತು ಮಾತು ತೊದಲಿತು. ಮನೆಯವರು ವಾಯು ಇರಬಹುದೆಂದು ಎಣ್ಣೆ ತಿಕ್ಕುತ್ತ ಮಧ್ಯಾಹ್ನದವರೆಗೆ ಕಾದರು. ಮಿದುಳಿನ ರಕ್ತನಾಳದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಹೊತ್ತು ಕಳೆದುಹೋಗಿತ್ತು. ಅವರು ಈಗ ಊರುಗೋಲು ಹಿಡಿದು ನಡೆಯುತ್ತಾರೆ, ಸಹಿ ಮಾಡಲು ಎಡಗೈ ಬಳಸುತ್ತಾರೆ. ರಕ್ತದೊತ್ತಡ ಏರಿದುದು ಅನುಭವಕ್ಕೆ ಬರುವುದಿಲ್ಲ, ಅಳೆದರೆ ಮಾತ್ರ ತಿಳಿಯುತ್ತದೆ. ಮುಖ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ಎಣ್ಣೆ ಹುಡುಕುತ್ತ ಕೂರದೆ 108ಕ್ಕೆ ಕರೆಮಾಡಿರಿ. ನಿದ್ದೆ ಮಾತ್ರೆಯ ವಿಷಯದಲ್ಲಿಯೂ ಎಚ್ಚರ ಬೇಕು. ವರ್ಷಗಟ್ಟಲೆ ನುಂಗಿದ ಕೆಲವು ಮಾತ್ರೆಗಳನ್ನು ಒಮ್ಮೆಗೇ ಬಿಟ್ಟರೆ ನಿದ್ದೆ ಇನ್ನಷ್ಟು ಕೆಡುವುದಲ್ಲದೆ ಕೈನಡುಕ, ಅಪಸ್ಮಾರದಂಥ ಸೆಳೆತವೂ ಬರಬಹುದು. ಬರೆದುಕೊಟ್ಟ ವೈದ್ಯರೇ ಅದನ್ನು ಸ್ವಲ್ಪಸ್ವಲ್ಪವಾಗಿ ಇಳಿಸಬೇಕು.

ಇನ್ನು ಕೇಳುವ ಕ್ರಮ. ರಾತ್ರಿಯ ಊಟ ಮಲಗುವುದಕ್ಕೆ ಎರಡು ಗಂಟೆ ಮೊದಲೇ ಮುಗಿಯಲಿ. ಸಂಜೆ ನಾಲ್ಕರ ಮೇಲೆ ಕಾಫಿ ಬೇಡ. ಸಂಜೆಯ ಲಿಂಗಪೂಜೆ ಮಾಡುವವರು ಅದನ್ನು ಮೊದಲು ಪೂರೈಸಿಕೊಳ್ಳಲಿ. ಪೂಜೆಯ ಹೊತ್ತಿನಲ್ಲಿ ಮೊಬೈಲ್ ಸಂಗೀತ ಬೇಡ. ಮಲಗುವ ಮುನ್ನ ಅಂಗಾಲುಗಳಿಗೆ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿ ಬಟ್ಟೆಯಿಂದ ಒರೆಸಿಕೊಳ್ಳಿ, ಎಣ್ಣೆಗಾಲಿನಲ್ಲಿ ನಡೆದು ಜಾರೀರಿ. ವಾದನದ ನಡೆ ನಿಮಿಷಕ್ಕೆ 60ರಿಂದ 80 ಬಡಿತದ ಒಳಗಿರಲಿ. ಮಣಿಕಟ್ಟಿನ ನಾಡಿ ಹಿಡಿದು ನೋಡಿದರೆ, ಸಂಗೀತ ಅದಕ್ಕಿಂತ ಅವಸರದಲ್ಲಿರಬಾರದು. ದನಿ, ಪಕ್ಕದವರ ಪಿಸುಮಾತಿಗಿಂತ ಸ್ವಲ್ಪ ಹೆಚ್ಚು ಸಾಕು. ಕಿವಿಯೊಳಗೆ ಇಯರ್‌ಫೋನ್ ತುರುಕಿಕೊಂಡು ಮಲಗಬೇಡಿ. ಮೊಬೈಲನ್ನು ಕೈಗೆ ಎಟುಕದ ದೂರದಲ್ಲಿ ಬೋರಲಾಗಿಟ್ಟು, ಮುಕ್ಕಾಲು ಗಂಟೆಗೆ ತಾನೇ ನಿಲ್ಲುವಂತೆ ಮಕ್ಕಳಿಂದ ಹೊಂದಿಸಿಕೊಳ್ಳಿ. ನಡುವೆ ಜಾಹೀರಾತು ಅರಚುವ ವ್ಯವಸ್ಥೆ ಇದ್ದರೆ ಇಡೀ ಪ್ರಯತ್ನ ವ್ಯರ್ಥ. ದಿನಕ್ಕೊಂದು ಹೊಸದನ್ನು ಹುಡುಕದೆ ಒಂದೆರಡು ವಾದನಗಳನ್ನೇ ಮೂರು ವಾರವಾದರೂ ಕೇಳಿ. ಹಿಡಿಸದಿದ್ದರೆ ಬಿಟ್ಟುಬಿಡಿ, ಪಿಯಾನೊಗೆ ಬದಲು ಕೊಳಲೋ ತಂಬೂರಿಯ ಶ್ರುತಿಯೋ ಸಾತ್ಮ್ಯವಾಗಬಹುದು. ಹಳೆಯ ಪಿಯಾನೊವನ್ನು ಕೊಂಡುತರುವ ಸಾಹಸವಂತೂ ಬೇಡ. ನಮ್ಮ ಮಳೆಗಾಲ ಮತ್ತು ಗೆದ್ದಲು ಅದರ ಶತ್ರುಗಳು, ವರ್ಷಕ್ಕೆರಡು ಬಾರಿ ಶ್ರುತಿ ಮಾಡಿಸಬೇಕು. ತೀರ ಹಳೆಯವುಗಳ ಬಿಳಿ ಕೀಲಿಗಳಿಗೆ ಆನೆಯ ದಂತ ಹೊದಿಸಿರುತ್ತಾರೆ, ಅದರ ವ್ಯಾಪಾರಕ್ಕೆ ಕಾನೂನಿನ ತಡೆಯೂ ಇದೆ.

ಒಳಗೆ ಎಷ್ಟೇ ಮೆಲುದನಿ ಇಟ್ಟುಕೊಂಡರೂ ಬೀದಿಯಲ್ಲಿ ಧ್ವನಿವರ್ಧಕ ಅರಚುತ್ತಿದ್ದರೆ ಫಲವಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂಬುದು 2000ದ ಶಬ್ದಮಾಲಿನ್ಯ ನಿಯಮಗಳ ಸಾಮಾನ್ಯ ನಿಷೇಧ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಜಾತ್ರೆ, ಉತ್ಸವಗಳ ಸಮಿತಿಗಳಲ್ಲಿ ಶ್ರೀಮಠದ ಭಕ್ತರೇ ಅನೇಕರಿದ್ದಾರೆ. ಮೆರವಣಿಗೆಯಲ್ಲಿ ಡಿ.ಜೆ.ಗೆ ಬದಲು ನಂದಿಧ್ವಜ, ವೀರಗಾಸೆ, ಕರಡೆಯವರನ್ನು ಕರೆಸಿ ಹತ್ತು ಗಂಟೆಗೆ ಮುಗಿಸುವುದು ಅವರ ಕೈಯಲ್ಲಿಯೇ ಇದೆ.

ಕೆಲವರ ನಿದ್ರೆ ಕೆಡಲು ಕಾರಣ ಮನಸ್ಸಿನಲ್ಲಿರುವುದಿಲ್ಲ. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾಗುವವರು, ಮಲಗಿದರೆ ಏದುಸಿರು ಬಂದು ಎದ್ದು ಕೂರುವವರು, ರಾತ್ರಿ ನಾಲ್ಕಾರು ಬಾರಿ ಮೂತ್ರಕ್ಕೆ ಏಳುವವರು, ಕಾಲುಗಳಲ್ಲಿ ಸೆಳೆತ ಉರಿ ಇರುವವರು ಸಂಗೀತ ಹುಡುಕುವ ಮೊದಲು ತಪಾಸಣೆ ಮಾಡಿಸಿಕೊಳ್ಳಬೇಕು. ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ ಇರುವವರು ಶ್ರವಣ ಪರೀಕ್ಷೆ ಮಾಡಿಸಿರಿ. ಕಿವಿ ಸೋರುವವರು, ತಮಟೆ ಹರಿದವರು ನಿದ್ದೆಗೆಂದು ಕಿವಿಗೆ ಎಣ್ಣೆ ಬಿಟ್ಟುಕೊಳ್ಳಬಾರದು. ಎರಡು ವಾರಕ್ಕೂ ಮಿಕ್ಕಿ ಯಾವುದರಲ್ಲಿಯೂ ಆಸಕ್ತಿ ಇಲ್ಲದೆ, ಬದುಕೇ ಬೇಡವೆನಿಸುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.